ಯಾರ ಹೋಲಿಕೆ

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಹರಪನಹಳ್ಳಿಯ ದಾಕ್ಷಾಯಣಮ್ಮನ ಮನೆಯಲ್ಲಿ ಮಾತ್ರ ಅತ್ತೆ ಸೊಸೆ ಇಬ್ಬರಿಗೂ ಒಂದೇ ಕಾಲ ಬಂದಿತ್ತು, ಅದೂ ಒಂದೇ ಟ್ಯಾಬಿನ ಮುಂದೆ. ಸೊಸೆ ಸುಕನ್ಯಾಗೆ ಬಸುರಿನ ಐದು ತಿಂಗಳು ತುಂಬಿದಾಗ ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಅಂದಿದ್ದರು. ಮಲಗಿ ಮಲಗಿ ಬೇಸತ್ತ ಹುಡುಗಿ ಟ್ಯಾಬಿಗೆ ಒಂದು ಆಟ ಹಾಕಿಕೊಂಡಳು. ಅದರಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಒಂದು ಮನೆ ಕಟ್ಟಬೇಕು, ಅದರೊಳಗೆ ಮಂದಿ ಇಡಬೇಕು, ಆ ಮಂದಿಯನ್ನು ಸಂತೋಷವಾಗಿ ಇಡಬೇಕು, ಅಷ್ಟೇ.

"ಇದ್ಯಾವ ಸೀಮಿ ಆಟನೇ? ಇದನ್ನ ನಾನು ಮೂವತ್ತೈದು ವರ್ಷದಿಂದ ಬಿಟ್ಟಿ ಆಡಾಕತ್ತೀನಿ" ಎಂದು ದಾಕ್ಷಾಯಣಮ್ಮ ನಕ್ಕಿದ್ದಳು. ನಕ್ಕವಳು ಎಂಟೇ ದಿನದಲ್ಲಿ ಸೊಸೆಯ ಕೈಯಿಂದ ಟ್ಯಾಬ್ ಕಸಿದುಕೊಳ್ಳುವ ಮಟ್ಟಕ್ಕೆ ಬಂದಳು.

ಆಟದ ಇಂಗ್ಲಿಷ್ ಅವಳಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಬ್ಬೊಬ್ಬರ ಪಕ್ಕದಲ್ಲೂ ಆರು ಪಟ್ಟಿಗಳು. ತಟ್ಟೆಯ ಚಿತ್ರ ಇದ್ದದ್ದು ಹಸಿವು, ಹಾಸಿಗೆಯದು ನಿದ್ದೆ, ನೀರಿನದು ಸ್ನಾನ, ಎರಡು ತಲೆಗಳದ್ದು ಮಾತುಕತೆ, ಹೀಗೆ. ಪಟ್ಟಿ ಹಸಿರಿದ್ದರೆ ಆರಾಮ, ಹಳದಿಯಾದರೆ ಹುಷಾರಾಗಬೇಕು, ಕೆಂಪಾದರೆ ಆ ಜೀವ ನೆಲಕ್ಕೆ ಕುಸಿದು ಅಳುತ್ತದೆ. ಅಲ್ಲಿಯ ಮಂದಿಗೆ ಅವರು ಮನೆಯವರ ಹೆಸರನ್ನೇ ಇಟ್ಟಿದ್ದರು. ಆಟದ ಮರುಳಪ್ಪ ಊಟ ಮಾಡಿ ತನ್ನ ತಟ್ಟೆಯನ್ನು ತಾನೇ ತೊಳೆಯುತ್ತಿದ್ದ. ನಿಜದ ಮರುಳಪ್ಪ, ಮೆಕ್ಕೆಜೋಳದ ದಲಾಲಿ ಅಂಗಡಿಯ ಯಜಮಾನ, ಮದುವೆಯಾದಾಗಿನಿಂದ ಒಂದು ಲೋಟ ತೊಳೆದವನಲ್ಲ. ಅದನ್ನು ನೋಡಿ ಅತ್ತೆ ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗಬೇಡ, ಹೊಟ್ಟೆ ಹುಷಾರು ಎಂದು ದಾಕ್ಷಾಯಣಮ್ಮನೇ ಗದರುತ್ತಿದ್ದಳು.

ಎಂಟನೇ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ತಣ್ಣಗಾಯಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಅದನ್ನು ಹೊರಗೆ ತೆಗೆದಾಗ ಸುಕನ್ಯಾಗೆ ಪೂರ್ತಿ ಎಚ್ಚರವಿರಲಿಲ್ಲ. ಹೆಣ್ಣು ಕೂಸು. ತಾಯಿಗೆ ತೋರಿಸಲೇನಮ್ಮಾ ಎಂದು ನರ್ಸು ಕೇಳಿದಳು. "ಬ್ಯಾಡ್ರಿ. ನೋಡಿದ್ರ ಮರಿಯಾಕ ಆಗಂಗಿಲ್ಲ" ಅಂದಳು ದಾಕ್ಷಾಯಣಮ್ಮ. ಅಂಥ ಕೂಸಿನ ಮುಖವನ್ನು ಹೆತ್ತವಳು ನೋಡಬಾರದು ಅನ್ನುವುದು ಹಿಂದಿನಿಂದ ಬಂದ ಮಾತು, ಅದನ್ನು ಪ್ರಶ್ನೆ ಮಾಡಿದವರಿಲ್ಲ. ಬಿಳಿ ಬಟ್ಟೆಯ ಗಂಟು ದಾಕ್ಷಾಯಣಮ್ಮನ ಕೈಯಿಂದ ಮರುಳಪ್ಪನ ಕೈಗೆ, ಅಲ್ಲಿಂದ ಮಗ ಅರುಣಕುಮಾರನ ಕೈಗೆ ದಾಟಿ, ಮಧ್ಯಾಹ್ನದ ಊಟದ ಹೊತ್ತಿಗೆ ಹೊಲದ ಬದುವಿನ ಮಣ್ಣು ಸೇರಿತು. ಹೆಸರಿಲ್ಲ, ತೊಟ್ಟಿಲಿಲ್ಲ, ಸತ್ತವರಿಗೆ ಮಾಡುವ ದಿನವೂ ಇಲ್ಲ. ಮೂರನೇ ದಿನ ಸುಕನ್ಯಾಗೆ ಹಾಲು ಬಂತು. ದಾಕ್ಷಾಯಣಮ್ಮ ಹಡಗಲಿಯಿಂದ ಮಲ್ಲಿಗೆ ಮೊಗ್ಗು ತರಿಸಿ ಅವಳ ಎದೆಗೆ ಬಿಗಿಯಾಗಿ ಕಟ್ಟಿದಳು. ವಾರದಲ್ಲಿ ಹಾಲು ಬತ್ತಿತು, ಹುಡುಗಿಯ ಮಾತೂ ಬತ್ತಿತು.

ಬಂದವರೆಲ್ಲ ಬಾಗಿಲಲ್ಲೇ ಕೇಳುತ್ತಿದ್ದರು, ಸೊಸಿ ಆರಾಮ ಅದಾಳೇನ್ರಿ ಅಂತ. ಆರಾಮ ಅದಾಳ್ರಿ ಅನ್ನುವುದು ದಾಕ್ಷಾಯಣಮ್ಮನ ಉತ್ತರ. ನಮ್ಮ ಕಡೆ ಈ ಆರಾಮ ಅನ್ನುವ ಮಾತಿನಷ್ಟು ಸೋಮಾರಿ ಮಾತು ಇನ್ನೊಂದಿಲ್ಲ. ಕೇಳುವವರಿಗೂ ಕಷ್ಟವಿಲ್ಲ, ಹೇಳುವವರಿಗೂ ಕಷ್ಟವಿಲ್ಲ. ಒಂದು ದಿನ ಸುಕನ್ಯಾ ತಾನಾಗಿಯೇ ಬಾಯಿ ಬಿಟ್ಟು, "ಅತ್ತಿ, ನನಗ ಆರಾಮಿಲ್ರಿ" ಅಂದಳು. ದಾಕ್ಷಾಯಣಮ್ಮ ಓಡಿ ಬಂದು ಹಣೆ ಮುಟ್ಟಿ ನೋಡಿದಳು, ಕತ್ತು ಮುಟ್ಟಿ ನೋಡಿದಳು. "ಮೈ ತಣ್ಣಗೈತಲ್ಲವ್ವ, ಜ್ವರ ಏನಿಲ್ಲ. ಒಂದು ಗುಳಗಿ ನುಂಗಿ ಮಲ್ಕೋ" ಅಂದಳು. ಸುಕನ್ಯಾ ಗುಳಿಗೆ ನುಂಗಿ ಗೋಡೆಯ ಕಡೆ ಹೊರಳಿದಳು. ಆಮೇಲೆ ಆ ಮಾತನ್ನು ಅವಳು ಮತ್ತೆ ಆಡಲಿಲ್ಲ.

ದಾಕ್ಷಾಯಣಮ್ಮ ಕೆಟ್ಟವಳಲ್ಲ. ಸೊಸೆಗೆ ಏನು ಮಾಡಬೇಕೆಂದು ಅವಳಿಗೆ ದಿಕ್ಕು ತೋಚಲಿಲ್ಲ, ಅದಕ್ಕೆ ತನಗೆ ಗೊತ್ತಿದ್ದ ಆರು ಪಟ್ಟಿಗಳನ್ನೇ ಹಿಡಿದಳು. ಬಿಸಿ ರೊಟ್ಟಿ, ಬೆಣ್ಣೆ, ಎಣ್ಣೆಗಾಯಿ. ದಿನಾ ಬಿಸಿನೀರಿನ ಸ್ನಾನ. ಹೊಸ ಹತ್ತಿಯ ಗಾದಿ. ಮಾತುಕತೆಗೆಂದು ತೆಲಿಗಿಯಿಂದ ಅವಳ ತವರಿನವರನ್ನು ಕರೆಸಿದಳು. ಅವರು ಬಂದು ಎರಡು ದಿನ ಬರೀ ಮಳೆ ಬೆಳೆ ಮಾತಾಡಿ ಹೋದರು, ಕೂಸಿನ ಮಾತು ಎತ್ತಬಾರದೆಂದು ದಾಕ್ಷಾಯಣಮ್ಮನೇ ಹೇಳಿದ್ದಳಲ್ಲ. ಅರುಣಕುಮಾರ ಹೆಂಡತಿಯನ್ನು ಬೈಕಿನಲ್ಲಿ ಕೂಡಿಸಿಕೊಂಡು ಕೊಟ್ಟೂರಿಗೂ ಹೋಗಿ ಬಂದ. ಲೆಕ್ಕದ ಪ್ರಕಾರ ಎಲ್ಲ ಹಸಿರಾಗಬೇಕಿತ್ತು. ಸುಕನ್ಯಾ ಇಟ್ಟದ್ದು ಉಂಡಳು, ನೀರು ಎರೆದರೆ ಎರೆಸಿಕೊಂಡಳು, ಕೂಡು ಅಂದಲ್ಲಿ ಕೂತಳು. ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ಆಟದ ಮಂದಿಗೆ ಏನು ಕಡಿಮೆಯಾಗಿದೆಯೆಂದು ತಲೆಯ ಪಕ್ಕದಲ್ಲೇ ಬರೆದಿರುತ್ತದೆ. ಹೆತ್ತ ಹೆಣ್ಣಿಗೆ ಅಂಥ ಭಾಗ್ಯ ಇಲ್ಲ ನೋಡಿ.

ಒಂದು ದಿನ ಸುಕನ್ಯಾ ಟ್ಯಾಬ್ ಕೇಳಿ ಇಸಿದುಕೊಂಡಳು. ದಾಕ್ಷಾಯಣಮ್ಮನಿಗೆ ಹೋದ ಜೀವ ಬಂದಂತಾಯಿತು. ಹುಡುಗಿ ಬೆಳಿಗ್ಗೆ ಹಿಡಿದರೆ ಮಧ್ಯಾಹ್ನದವರೆಗೂ ಅದರಲ್ಲೇ ಇರುತ್ತಿದ್ದಳು. ಆಡಲಿ ಬಿಡು, ಆಡಿದಷ್ಟೂ ಮನಸ್ಸು ತಿಳಿಯಾಗುತ್ತದೆ ಎಂದುಕೊಂಡಳು. ಏನು ಆಡುತ್ತಿದ್ದಾಳೆಂದು ತಿಂಗಳಾದರೂ ಇಣುಕಿ ನೋಡಲಿಲ್ಲ.

ಅವತ್ತು ಸೋಮವಾರ. ಸುಕನ್ಯಾ ಉಂಡು ಮಲಗಿದ್ದಳು. ಅಂಗಳದಲ್ಲಿ ಒಣಗಲು ಹರವಿದ್ದ ಮೆಕ್ಕೆಜೋಳವನ್ನು ಕಾಲಿನಿಂದ ತಿರುವಿ ಬಂದ ದಾಕ್ಷಾಯಣಮ್ಮ, ಬಹಳ ದಿನವಾಯಿತು ನಮ್ಮ ಮಂದಿಯನ್ನು ನೋಡಿ ಎಂದು ಟ್ಯಾಬ್ ಬಿಚ್ಚಿದಳು. ಅವರ ಮನೆ ಇದ್ದಲ್ಲೇ ಇತ್ತು. ಅದರ ಕೆಳಗೆ ಇನ್ನೊಂದು ಮನೆ. ಅದರ ಕೆಳಗೆ ಮತ್ತೊಂದು. ಬೆರಳಿನಿಂದ ಸರಿಸಿದಷ್ಟೂ ಮನೆಗಳು ಬಂದವು, ಎಲ್ಲ ಒಂದೇ ಥರದವು: ಒಂದು ಕೋಣೆ, ಒಂದು ತೊಟ್ಟಿಲು, ಪಕ್ಕದಲ್ಲಿ ನಿಂತ ಒಬ್ಬ ಹೆಂಗಸು. ಎಲ್ಲ ಮನೆಯಲ್ಲೂ ಅದೇ ಹೆಂಗಸು. ತೊಟ್ಟಿಲಿನ ಕೂಸಿನ ಮುಖ ಮಾತ್ರ ಬೇರೆ ಬೇರೆ. ಒಂದಕ್ಕೆ ಮೊಂಡು ಮೂಗು, ಒಂದಕ್ಕೆ ಉದ್ದ ಕಣ್ಣು, ಒಂದು ಕಪ್ಪು, ಒಂದು ಗೋದಿ ಬಣ್ಣ. ಮಾಡಿ ಮಾಡಿ ಬಿಟ್ಟು ಹೋದ ಕೂಸುಗಳು. ಉಣಿಸುವವರಿಲ್ಲದೆ ಎಲ್ಲದರ ಪಟ್ಟಿಯೂ ಕೆಂಪಾಗಿ, ಅಳುತ್ತಾ ಬಿದ್ದಿದ್ದವು.

 ದಾಕ್ಷಾಯಣಮ್ಮನ ಕೈ ಸುಮ್ಮನಿರಲಿಲ್ಲ. ಮೊದಲನೇ ಮನೆಗೆ ಹೋಗಿ ಕೂಸಿಗೆ ಹಾಲು ಕುಡಿಸಿದಳು. ಎರಡನೆಯದಕ್ಕೆ ಹೋದಳು. ಐದನೇ ಮನೆಯಲ್ಲಿದ್ದಾಗ ಬೆನ್ನ ಹಿಂದೆ ದನಿ ಕೇಳಿಸಿತು.

"ಅವಕ್ಕ ಯಾಕ ಕುಡಸ್ತೀರಿ ಅತ್ತಿ? ಅವು ನಮ್ಮವಲ್ಲ."

ಸುಕನ್ಯಾ ಎದ್ದು ಬಂದು ನಿಂತಿದ್ದಳು. ಸಿಟ್ಟಿರಲಿಲ್ಲ. ಹತ್ತಿರ ಬಂದು ಕೂತು, ಎಷ್ಟೋ ದಿನದ ಮೇಲೆ ಪೂರಾ ಮಾತಾಡಿದಳು.

"ಬರವಲ್ದ್ರಿ ಮುಖ. ಎಷ್ಟು ಮಾಡಿದ್ರೂ ಬರವಲ್ದು. ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರ. ಹೆಗ್ಗಣ ಇತ್ತೋ ಬಂಗಾರ ಇತ್ತೋ, ನಾನು ನೋಡಬೇಕಿತ್ತಲ್ರಿ? ಎಂಟು ತಿಂಗಳು ಹೊಟ್ಟ್ಯಾಗ ಇಟ್ಕೊಂಡಾಕಿ ನಾನು. ಬೀದ್ಯಾಗ ಹೊಂಟ್ರ ಯಾವ ಕೂಸು ಕಂಡ್ರೂ ಇದೇ ಇರಬೇಕು ಅನಸ್ತೈತಿ."

"ಮರಿಲಿ ಅಂತ ಅಲ್ಲೇನವ್ವ ತೋರಿಸಬ್ಯಾಡ ಅಂದಿದ್ದು..."

"ಏನನ್ನ ಮರೀಲ್ರಿ? ಮರಿಯಾಕರ ಒಂದು ಮುಖ ಬೇಕಲ್ಲ." ಸುಕನ್ಯಾ ಟ್ಯಾಬನ್ನು ತೊಡೆಯ ಮೇಲೆ ಎಳೆದುಕೊಂಡು ಹೊಸ ಕೂಸಿನ ಪುಟ ತೆರೆದಳು. "ನರ್ಸಮ್ಮ ನಿಮ್ಮ ಕೈಗೆ ಕೊಟ್ಳು ಅಂತ ನಿಮ್ಮ ಮಗ ಅಂದ್ರು. ನೀವು ನೋಡೀರಿ. ಹೇಳ್ರಿ ಅತ್ತಿ, ಯಾರ ಹೋಲಿಕಿ ಇತ್ತು? ಮೂಗು ಎಂಥದ್ದು?"

ದಾಕ್ಷಾಯಣಮ್ಮ ನೋಡಿರಲಿಲ್ಲ.

ಗಂಟು ಕೈಗೆ ಬಂದಾಗ ಅವಳು ಮುಖ ಆ ಕಡೆ ತಿರುಗಿಸಿದ್ದಳು. ಬಟ್ಟೆಯ ಅಂಚನ್ನು ಅವಳೂ ಸರಿಸಲಿಲ್ಲ, ಅವಳ ಎದುರಿಗೇ ಮರುಳಪ್ಪನೂ ಸರಿಸಲಿಲ್ಲ. ಹೊಲದಿಂದ ಬಂದ ಅರುಣಕುಮಾರ ಅವತ್ತೇ ತಾಯಿಯ ಮಡಿಲಲ್ಲಿ ತಲೆಯಿಟ್ಟು, "ನನಗ ಬಿಚ್ಚಿ ನೋಡಾಕ ಧೈರ್ಯ ಬರ್ಲಿಲ್ಲವ್ವ" ಎಂದು ಅತ್ತಿದ್ದ. ಅವಳಿಗಿದ್ದ ಭಯ ಬೇರೆ. ಅರುಣಕುಮಾರ ಹುಟ್ಟುವುದಕ್ಕೆ ಎರಡು ವರ್ಷ ಮೊದಲು, ತವರು ಕೋಗಳಿಯಲ್ಲಿ, ಅವಳು ಇಂಥದೇ ಒಂದು ಹೆಣ್ಣು ಕೂಸನ್ನು ಹೆತ್ತಿದ್ದಳು. ಅವಳನ್ನು ತಡೆಯುವವರು ಯಾರೂ ಹತ್ತಿರ ಇರಲಿಲ್ಲ, ನೋಡಿಬಿಟ್ಟಿದ್ದಳು. ಈ ಮನೆಯಲ್ಲಿ ಅದರ ಮಾತು ಒಮ್ಮೆಯೂ ಬಂದದ್ದಿಲ್ಲ. ಆದರೆ ಆ ಮುಖ ಹಿಟ್ಟು ನಾದುವಾಗ ಬರುತ್ತಿತ್ತು, ಜಡೆ ಹಾಕಿಕೊಳ್ಳುವಾಗ ಬರುತ್ತಿತ್ತು, ಮೂವತ್ತು ವರ್ಷದ ಮೇಲಾದರೂ ಒಂದು ರವೆಯಷ್ಟೂ ಮಾಸಿರಲಿಲ್ಲ. ಆ ಸಂಕಟ ಸೊಸೆಗೆ ಬೇಡವೆಂದೇ ಅವಳು ಅವತ್ತು ಬ್ಯಾಡ್ರಿ ಅಂದದ್ದು.

"ಹೇಳ್ರಿ ಅತ್ತಿ" ಅಂದಳು ಸುಕನ್ಯಾ. ಅವಳ ಕಣ್ಣಿನಲ್ಲಿ ಮೂರು ತಿಂಗಳಿಂದ ಇಲ್ಲದ ಆಸೆ ಇತ್ತು.

ನಾನೂ ನೋಡಲಿಲ್ಲವ್ವ ಅನ್ನಬೇಕಿತ್ತು.  ಎದುರಿಗೆ ಕೂತ ಹುಡುಗಿಗೆ ಅದನ್ನು ಹೇಗೆ ಹೇಳುವುದು? ಬಾಯಿಗೆ ಬಂದದ್ದು ಬೇರೆ.

"ಮೂಗು... ಸಣ್ಣದು. ತುದಿಗೆ ಒಂಚೂರು ಮ್ಯಾಲೆದ್ದಿತ್ತು."

ಸುಕನ್ಯಾ ಬೆರಳಿನಿಂದ ಮೂಗು ತಿದ್ದಿದಳು. "ಹಿಂಗ?"

"ಇನ್ನೂ ಸಣ್ಣದು. ಹಾಂ, ಹಂಗ. ತಲಿ ತುಂಬ ಕೂದಲಾ, ಹಣಿಮ್ಯಾಲೆ ಇಳಿದಿತ್ತು. ಗದ್ದದಾಗ ಒಂದು ಕುಳಿ. ಹುಬ್ಬು ಕೂಡಿದ್ವು. ಬಾಯಿ ನಗಾಕ ಹೋಗಿ ಬಿಟ್ಟಂಗ ಇತ್ತು."

ಹೇಳುತ್ತಾ ಹೋದಳು. ಹುಡುಕಿ ಹೇಳಬೇಕಾಗಿರಲಿಲ್ಲ, ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಸುಕನ್ಯಾಳ ಬೆರಳು ಓಡಿತು. ಕಡೆಗೆ ಅವಳು ಕೈ ತೆಗೆದಾಗ ತೊಟ್ಟಿಲಲ್ಲಿ ಕೋಗಳಿಯ ಕೂಸು ಮಲಗಿತ್ತು, ಕಣ್ಣು ತೆರೆದು ದಾಕ್ಷಾಯಣಮ್ಮನನ್ನೇ ನೋಡುತ್ತಿತ್ತು. ಅವಳು ಕೂತಲ್ಲೇ ಗೋಡೆಗೆ ಕೈ ಊರಿದಳು.

"ಇವರ ಹೋಲಿಕಿ ಐತ್ರಿ ಅತ್ತಿ, ನೋಡ್ರಿ, ಹುಬ್ಬು ನಿಮ್ಮ ಮಗಂದ!" ಸುಕನ್ಯಾ ನಗುತ್ತಿದ್ದಳು, ಅಳುತ್ತಿದ್ದಳು. ಹೆಸರು ಹಾಕದೆ ಆಟ ಮುಂದಕ್ಕೆ ಹೋಗುವುದಿಲ್ಲ. ಶಾಂಭವಿ ಎಂದು ಬರೆದಳು. ಆ ಹೆಸರನ್ನು ಅವಳು ಯಾವಾಗ ಆರಿಸಿಟ್ಟಿದ್ದಳೋ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವತ್ತಿನಿಂದ ಸುಕನ್ಯಾ ಕೇಳಿ ಕೇಳಿ ಉಂಡಳು. ಮೈಗೆ ಬಣ್ಣ ಬಂತು. ಉಳಿದ ಮನೆಗಳನ್ನೆಲ್ಲ ಒಂದೊಂದಾಗಿ ಅಳಿಸಿ ಹಾಕಿದಳು. ಶಾಂಭವಿಯ ಒಂದು ಪಟ್ಟಿಯೂ ಹಳದಿಯಾಗಲು ಬಿಡುತ್ತಿರಲಿಲ್ಲ. ಸೊಸಿ ಸುಧಾರಿಸಿದಳಲ್ಲೇ ಎಂದು ಮರುಳಪ್ಪ ಎರಡು ಸಲ ಅಂದ. ಎಣ್ಣೆ ಹಾಕುವಾಗ, ರೊಟ್ಟಿ ಬಡಿಯುವಾಗ, ಅಜ್ಜಿ ನೋಡಲಿ ಎಂದು ಸುಕನ್ಯಾ ಟ್ಯಾಬ್ ತಂದು ತಂದು ಮುಂದೆ ಹಿಡಿಯುತ್ತಿದ್ದಳು. ದಾಕ್ಷಾಯಣಮ್ಮ ನೋಡುತ್ತಿದ್ದಳು. ತನ್ನ ಕೂಸು ಇನ್ನೊಬ್ಬಳ ಮಡಿಲಲ್ಲಿ ಕೇಕೆ ಹಾಕುತ್ತಿತ್ತು. ಆ ಹೊಲದ ಬದುವಿನಲ್ಲಿ ಮಲಗಿದ ಕೂಸಿಗೆ ಈಗ ಮುಖವೂ ಇಲ್ಲ, ಅದರ ಮುಖ ಹುಡುಕುವವರೂ ಇಲ್ಲ. ಹೇಳಿಬಿಡೋಣ ಎಂದು ದಿನಾ ಏಳುತ್ತಿದ್ದಳು, ಸೊಸೆ ಉಣ್ಣುವುದನ್ನು ನೋಡಿ ಸುಮ್ಮನಾಗುತ್ತಿದ್ದಳು.

ಒಂದು ಮಧ್ಯಾಹ್ನ ಜೋಳ ಕೇರುತ್ತಾ ಕೂತಿದ್ದಾಗ ಸುಕನ್ಯಾ ಬಂದು ಅತ್ತೆಯ ಹೆಗಲಿಗೆ ಒರಗಿದಳು. ಹಿಂದೆಂದೂ ಹಾಗೆ ಒರಗಿದವಳಲ್ಲ.

"ಮೊದಲು ನಿಮ್ಮ ಮ್ಯಾಲೆ ಭಾಳ ಸಿಟ್ಟಿತ್ರಿ ಅತ್ತಿ. ಈಗಿಲ್ಲ. ನಾನಂತೂ ನೋಡ್ಲಿಲ್ಲ. ಮಣ್ಣಿಗೆ ಹೋಗೋ ಮೊದಲು ನೀವೊಬ್ರಾದ್ರೂ ಆಕಿ ಮುಖ ನೋಡಿದ್ರಲ್ಲ. ಅಷ್ಟು ಸಾಕು ನನಗ."

ದಾಕ್ಷಾಯಣಮ್ಮ ಮೊರದ ಮೇಲಿನ ಕಣ್ಣು ತೆಗೆಯದೆ ಹೂಂ ಅಂದಳು.