ಮೊದಲ ಹಾಡಿಗೆ ಮುಂಚಿನ ಗಂಟೆ

"ಒಂದೇ ಒಂದ್ಸಲ ಕೇಳಿ ಸಾರ್, ಅಷ್ಟೇ," ಎಂದು ಅಶ್ವತ್ಥಪ್ಪ ಸಿ.ಡಿ.ಯನ್ನು ಟೀಪಾಯಿಯ ಮೇಲಿಟ್ಟ. ತಂದಿದ್ದ ಮೈಸೂರುಪಾಕಿನ ಡಬ್ಬಿಯನ್ನೂ ಪಕ್ಕಕ್ಕೆ ಸರಿಸಿದ. ಮುನೀಂದ್ರ ಅವನನ್ನು ಈ ಹಿಂದೆ ಕಂಡವನೇ ಅಲ್ಲ.

ಬಿಳಿ ಕವರು, ಮೇಲೆ ಹೆಸರಿಲ್ಲ. ಒಳಗೇನಿದೆಯೆಂದು ಮುನೀಂದ್ರನಿಗೆ ಗೊತ್ತಿತ್ತು. ಇನ್ನೂ ಬಿಡುಗಡೆಯೇ ಆಗದ ಸಿನಿಮಾದ ಹಾಡುಗಳು; ಯಶವಂತಪುರದ ಫುಟ್‌ಪಾತಿನಲ್ಲಿ ಇಟ್ಟಷ್ಟೂ ಖಾಲಿಯಾಗುತ್ತಿದ್ದವು. ಮಾಡಿದವನು ಯಾರೆಂಬುದೂ ಗೊತ್ತಿತ್ತು: ಸ್ವಂತ ಬಾಮೈದ, ಅಬ್ಬಿಗೆರೆಯ ಪಿಳ್ಳಣ್ಣ. ಸಿನಿಮಾದವರ ಕಡೆಯ ಜನ ಆರ್.ಟಿ. ನಗರದ ಅಂಗಡಿಯವನೊಬ್ಬನ ಎರಡೂ ಮುಂಗೈ ಮುರಿದಿದ್ದರು. ಅವನು ಬರೀ ಮಾರಿದವನು. ಮಾಡಿದವನು ಸಿಕ್ಕರೆ ಬಿಡುತ್ತಾರೆಯೇ? ಪಿಳ್ಳಣ್ಣನೇನೋ "ಸಿ.ಡಿ. ಮೇಲೆ ನನ್ ಹೆಸ್ರು ಬರ್ದೈತಾ?" ಎಂದು ನಗುತ್ತಿದ್ದ. ಅವನ ಅಕ್ಕ ರಾಣಿಗೆ ಮಾತ್ರ ಅನ್ನ ಇಳಿಯುತ್ತಿರಲಿಲ್ಲ. "ಯಾರು ಬಂದು ಕೇಳಿದ್ರೂ ಗೊತ್ತಿಲ್ಲ ಅನ್ನಿ. ನನ್ ತಮ್ಮನ್ ಜೀವ ನಿಮ್ ಬಾಯಲ್ಲೈತೆ," ಎಂದು ಗಂಡನಿಗೆ ಬೆಳಿಗ್ಗೆ ಕೂಡ ಹೇಳಿದ್ದಳು.

ಅವಳು ಹೆದರಿದ್ದು ಸುಮ್ಮನಲ್ಲ. ಪೀಣ್ಯದ ಕೆಲಸ ಮುಗಿಸಿ ದಾಸರಹಳ್ಳಿಯ ಮನೆಗೆ ಬಂದರೆ ಈ ಗಂಡ ಮಹಾರಾಯನಿಗೆ ಕಳ್ಳ ಸಿ.ಡಿ.ಗಳದ್ದೇ ಧ್ಯಾನ. ಗಣೇಶನ ಹಬ್ಬದ ಆರ್ಕೆಸ್ಟ್ರಾ, ನಾಟಕದ ಹಾಡು, ಸ್ಟುಡಿಯೋದಿಂದ ಜಾರಿ ಬಂದದ್ದು, ಯಾವುದಾದರೂ ಸರಿ. ಕಂಪನಿಯವರು ಬಿಟ್ಟದ್ದನ್ನು ಮಾತ್ರ ಮೂಸಿಯೂ ನೋಡ. ಬೀರುವಿನಲ್ಲಿ ಬಟ್ಟೆಗಿಂತ ಅವೇ ಹೆಚ್ಚು. ಬೆಳಕಿಗೆ ಹಿಡಿದು, ಒಂದು ಹಾಡು ಕೇಳಿ, ಇದು ಯಾರ ಕೈಯ ಮಾಲು, ಯಾವ ಏರಿಯಾದ್ದು ಎಂದು ಹೇಳಿಬಿಡುತ್ತಿದ್ದ. ಬೇರೆಯವರು ತಪ್ಪು ಹೇಳಿದರೋ, ಅನ್ನದಲ್ಲಿ ಕಲ್ಲು ಸಿಕ್ಕವನ ಮುಖ. ಮದುವೆಮನೆಯಲ್ಲಿ ಎಲೆ ಮುಂದಿನಿಂದ ಎದ್ದು ಹೋಗಿ ವಾದ ಮಾಡಿದ್ದೂ ಉಂಟು.

"ನಂಗೇನ್ ಗೊತ್ತಾಗುತ್ತೆ ಸಾರ್," ಎಂದ ಮುನೀಂದ್ರ. "ಟೈಂಪಾಸಿಗೆ ಇಟ್ಕೊಂಡಿದೀನಿ."

"ಅಯ್ಯೋ, ಯಶವಂತಪುರದಲ್ಲಿ ಎಲ್ರೂ ನಿಮ್ ಹೆಸ್ರೇ ಹೇಳ್ತಾರೆ. ನಾನೂ ನಿಮ್ ಥರಾನೇ ಹುಚ್ಚ ಕಣ್ರೀ." ಅಶ್ವತ್ಥಪ್ಪ ತಾನೇ ಎದ್ದು ಸಿ.ಡಿ.ಯನ್ನು ಪ್ಲೇಯರಿಗೆ ಹಾಕಿದ. ಅವನು ಬಂದ ಗಾಡಿ ಗೇಟಿನ ಮುಂದೆ ನಿಂತಿತ್ತು. ಇಂಜಿನ್ ಆಫ್ ಮಾಡಿರಲಿಲ್ಲ.

ಹಾಡಿಗೆ ಮುಂಚೆ ಗಂಟೆ ಮೊಳಗಿತು. ಪಿಳ್ಳಣ್ಣನ ಪದ್ಧತಿ ಅದು. ಕದ್ದ ಮಾಲೇ ಇರಲಿ, ಶುರುವಿಗೆ ದೇವರ ಗಂಟೆ ಇಲ್ಲದೆ ಒಂದು ಸಿ.ಡಿ.ಯನ್ನೂ ಮಾಡಿದವನಲ್ಲ. ಗಂಟೆ ಕೇಳಿದರೆ ದೇವರು ಕಣ್ಣು ಮುಚ್ಚಿಕೊಳ್ಳುತ್ತಾನೆಯೇ? ಅವನ ಭಯ ಅವನಿಗೆ. ಆದರೆ ಹಾಗೆ ಶುರು ಮಾಡುವವರು ಇನ್ನೂ ಎಷ್ಟೋ ಜನ ಇದ್ದರು. ಅದೇ ಮುನೀಂದ್ರನಿಗಿದ್ದ ಧೈರ್ಯ.

"ಹೆಬ್ಬಾಳದ ಮಾಲು ಅನ್ಸುತ್ತೆ," ಎಂದ ಅಶ್ವತ್ಥಪ್ಪ.

"ಇರ್ಬೋದು."

"ಬೇಸ್ ಸೌಂಡು ನೋಡಿ, ಎಷ್ಟ್ ಏರಿಸವ್ರೆ. ಹೆಬ್ಬಾಳದವರದ್ದೇ ಕೆಲಸ."

ಹೆಬ್ಬಾಳದವರು ಹುಟ್ಟಿದಾರಭ್ಯ ಬೇಸ್ ಏರಿಸಿದವರಲ್ಲ! ಮುನೀಂದ್ರ ಕಾಫಿಯ ಜೊತೆ ಮಾತನ್ನೂ ನುಂಗಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಾಣಿ ಬೇಡವೆಂದು ತಲೆಯಾಡಿಸಿದಳು. ತಡೆದುಕೊಂಡೆನಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು.

"ಗಂಟೆ ಮಾತ್ರ ಡೂಪ್ಲಿಕೇಟು. ಕಂಪ್ಯೂಟರ್‌ನಲ್ಲಿ ಮಾಡಿರೋದು. ನಿಜವಾದ ಗಂಟೆ ಎಲ್ಲಾದ್ರೂ ಹಿಂಗೆ ಗೊರ್ ಅನ್ನುತ್ತಾ?"

"ಕಂಪ್ಯೂಟರಾ?" ಮುನೀಂದ್ರ ಲೋಟ ಕುಕ್ಕಿದ. "ಏನ್ ಸಾರ್, ಇಷ್ಟೂ ತಿಳಿಯಲ್ವಾ? ಅದು ಒಡಕು ಗಂಟೆ! ನಮ್ ತಾತ ಮುನಿಗಂಗಪ್ಪ ಕೊಡಿಸಿದ್ದು, ನಮ್ಮೂರ್ ಮುನೇಶ್ವರನ ಗುಡೀದು. ಹುಟ್ಟಿದಾಗಿಂದ ಕೇಳಿದೀನಿ, ನಂಗೇ ಹೇಳಕ್ ಬರ್ತೀರಾ!"

ರಾಣಿ ಓಡಿ ಬಂದು ಪ್ಲೇಯರ್ ಆಫ್ ಮಾಡಿದಳು.

"ನಿಮ್ಮೂರು ಅಬ್ಬಿಗೆರೆ ಅಲ್ವಾ?" ಅಶ್ವತ್ಥಪ್ಪ ಮೆತ್ತಗೆ ಕೇಳಿದ. "ಫುಟ್‌ಪಾತಿನವರು ಹೇಳಿದ್ರು."

"ಅಲ್ಲ... ಅಂದ್ರೆ, ಅಂಥ ಗಂಟೆ ಎಲ್ಲಾ ಊರಲ್ಲೂ ಇರ್ತದೆ ಸಾರ್."

ಅಶ್ವತ್ಥಪ್ಪ ಸಿ.ಡಿ. ತೆಗೆದು ಕವರಿಗೆ ಹಾಕಿಕೊಂಡ. ಮೈಸೂರುಪಾಕನ್ನು ಅಲ್ಲೇ ಬಿಟ್ಟ. "ಕಾಫಿ ಚೆನ್ನಾಗಿತ್ತಮ್ಮ," ಎಂದು ರಾಣಿಗೆ ಹೇಳಿ ಹೊರಟ. ಗೇಟಿನ ಹತ್ತಿರ ಮೊಬೈಲ್ ಕಿವಿಗಿಟ್ಟು, "ಅಬ್ಬಿಗೆರೆ ಕಣೋ. ಚಿಕ್ಕಬಾಣಾವರದ ಹುಡುಗರನ್ನ ಕಳ್ಸು," ಎಂದದ್ದು ಒಳಗಿನವರಿಗೂ ಕೇಳಿಸಿತು. ಅಬ್ಬಿಗೆರೆಯಲ್ಲಿ ಸಿ.ಡಿ. ಮಾಡುವವನು ಯಾರೆಂದರೆ ಚಿಕ್ಕ ಮಗುವೂ ಮನೆ ತೋರಿಸುತ್ತಿತ್ತು.

"ನಿಮ್ ಬಾಯಿಗ್ ಮಣ್ಣಾಕ! ಫೋನ್ ಮಾಡ್ರೀ!" ರಾಣಿ ಕಿರುಚಿದಳು.

ಪಿಳ್ಳಣ್ಣನ ಫೋನು ಬ್ಯುಸಿ. ಮತ್ತೆ ಮಾಡಿದ, ಮತ್ತೆ ಬ್ಯುಸಿ. ಮೂರನೇ ಸಲ ಅವಸರದಲ್ಲಿ ಬೇರೆ ಯಾರಿಗೋ ಹೋಯಿತು. ರಾಣಿ ಅಳುತ್ತ ಮುನೇಶ್ವರನಿಗೆ ಹರಕೆ ಹೊರುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಆ ಕಡೆ ರಿಂಗಾಯಿತು.

"ಬಾವ! ಬರೀ ಮಾಲು ಕೇಳೋರ್ದೇ ಫೋನು, ಪುರುಸೊತ್ತೇ ಇಲ್ಲ. ಕೇಳಿದ್ರಾ ಹೊಸದು? ಎಂಗೈತೆ?"

"ಪಿಳ್ಳಣ್ಣ, ಮೊದ್ಲು ಮನೆ ಬಿಡು. ಹಿತ್ಲು ಕಡೆಯಿಂದ ಹೋಗು."

"ಯಾಕ್ ಬಾವ? ಇರಿ ಇರಿ, ಯಾರೋ ಬಂದವ್ರೆ. ಅಂಗೇ ಇರಿ, ಕಟ್ ಮಾಡ್ಬೇಡಿ."

"ಪಿಳ್ಳಣ್ಣ! ಲೋ!"

ಫೋನನ್ನು ಎಲ್ಲೋ ಇಟ್ಟ ಸದ್ದು. "ಬನ್ನಿ ಬನ್ನಿ, ಒಳಕ್ಕೆ ಬನ್ನಿ. ಎಷ್ಟ್ ಪೀಸ್ ಬೇಕಿತ್ತು?" ಎಂದು ಪಿಳ್ಳಣ್ಣ ಕರೆಯುವುದು ಕೇಳಿಸಿತು. ಕುರ್ಚಿ ಎಳೆದರು. ಆಮೇಲೆ ಯಾರೋ ಒಳಗಿನಿಂದ ಚಿಲಕ ಹಾಕಿದರು.

ರಾಣಿ ಫೋನಿಗೆ ಕೈ ಚಾಚಿದಳು. ಮುನೀಂದ್ರ ಕೊಡಲಿಲ್ಲ. ಗೋಡೆಯ ಕಡೆ ತಿರುಗಿ, ಎರಡೂ ಕೈಯಿಂದ ಅದನ್ನು ಕಿವಿಗೆ ಒತ್ತಿ ಹಿಡಿದುಕೊಂಡ.