ಗಂಟೆಯ ಸಾಲು

ಹಸಿರು, ಮತ್ತೆ ಹಸಿರು, ಕಂಪ್ಯೂಟರ್ ಪರದೆಯ ಮೇಲಿಂದ ಕೆಳಗಿನವರೆಗೂ ಹಸಿರು, ಔಷಧಿ ಪಂಪಿನ ಕೋಡಿನಲ್ಲಿ ಗಂಟೆ ಬಾರಿಸುವ ಆ ಸಾಲು ಕೂಡ — ಎಂಥ ನಾಚಿಕೆಗೆಟ್ಟ ಹಸಿರು, ಎಂದುಕೊಂಡಳು ಅವಳು, ಪಕ್ಕದ ಮೇಜಿನವನು ಸೇಬು ಕಚ್ಚುವ ಸದ್ದು ತಲೆ ತಿನ್ನುತ್ತಿದೆ, ತಿನ್ನಲಿ, ಇವತ್ತು ಇದನ್ನು ಮುಗಿಸದೆ ಏಳುವುದಿಲ್ಲ. ಹಸಿರೆಂದರೆ ಪರೀಕ್ಷೆಯಲ್ಲಿ ಆ ಸಾಲು ಓಡಿದೆ ಎಂದರ್ಥ, ಕೆಂಪೆಂದರೆ ಓಡಿಲ್ಲ, ಹಾಗೆಂದು ಸಾಕ್ಷಿ ಹೇಳುವುದು ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ಅದನ್ನು ಕಟ್ಟುವವರಲ್ಲಿ ಅವಳೂ ಒಬ್ಬಳು, ಅದೇ ಸಾಕ್ಷಿ ಹಿಡಿದು ಆಸ್ಪತ್ರೆಯವರು ನರ್ಸ್ ಆಗಿರುವ ಅಕ್ಕನ ಮೇಲೆ ಗೂಬೆ ಕೂರಿಸಿದ್ದಾರೆ, ಔಷಧಿ ಪಂಪು ನಿಂತಾಗ ಗಂಟೆ ಹೊಡೆದೇ ಇರತ್ತೆ ಸಿಸ್ಟರ್, ಆಗ ನೆಟ್‌ವರ್ಕ್ ಹೋಗಿತ್ತು ನಿಜ, ಆದ್ರೆ ನೆಟ್‌ವರ್ಕ್ ಕಡಿದು ನೋಡಿದ ಪರೀಕ್ಷೇಲೂ ಆ ಸಾಲು ಹಸಿರೇ, ನೀವೇ ಕೇಳಿಸ್ಕೊಂಡಿಲ್ಲ. ರೋಗಿ ಬದುಕಿಕೊಂಡರು, ಪುಣ್ಯ, ಆದರೆ ನಾಳೆ ವಿಚಾರಣೆ, ಅಕ್ಕನ ಕೆಲಸ ಹೋದಂತೆಯೇ, ಅಕ್ಕ ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ, ಗಂಟೆ ಹೊಡೀಲೇ ಇಲ್ಲ, ನನ್ನ ಕಿವಿ ಸರಿಯಾಗೇ ಇದೆ, ನೀನಾದ್ರೂ ನಂಬ್ತೀಯಾ — ನಂಬುತ್ತೇನೆ ಅಕ್ಕ, ನಂಬಿಕೆಯಿಂದ ವಿಚಾರಣೆ ಗೆಲ್ಲಲಾಗುವುದಿಲ್ಲ, ಅಷ್ಟೇ.

ಓಡಿದ ಸಾಲುಗಳನ್ನು ಕಂಪೈಲರ್ ಎಣಿಸುವ ರೀತಿಯೇ ತಪ್ಪು, ಫಂಕ್ಷನ್ ಎಂದರೆ ಒಟ್ಟಿಗೆ ಓಡುವ ಸಾಲುಗಳ ಗುಂಪು, ಅದರ ಬಾಗಿಲಲ್ಲಿ ಒಂದೇ ಎಣಿಕೆ, ಶುರುವಾದದ್ದು ಮುಗಿದೇ ಮುಗಿಯುತ್ತದೆ ಎಂಬ ಧೈರ್ಯ, ಒಳಬಂದವರ ತಲೆ ಎಣಿಸಿ ಎಲ್ಲರಿಗೂ ಊಟವಾಯಿತು ಎಂದಂತೆ! ಸಾದಾ ಫಂಕ್ಷನ್ನಿಗೆ ಅದು ನಡೆಯುತ್ತದೆ, ಅಸಿಂಕ್ ಫಂಕ್ಷನ್ ಹಾಗಲ್ಲ, ನಡುದಾರಿಯಲ್ಲಿ ನಿಂತು ಯಾವುದೋ ಉತ್ತರಕ್ಕೆ ಕಾಯುತ್ತದೆ, ನೆಟ್‌ವರ್ಕ್ ಕಡಿದು, ಉತ್ತರ ಬರುವ ಮೊದಲೇ ಅದನ್ನು ಎತ್ತಿ ಬಿಸಾಡಿದರೆ ಮುಂದಿನ ಸಾಲುಗಳಿಗೆ ಸರದಿಯೇ ಇಲ್ಲ, ಲೆಕ್ಕದಲ್ಲಿ ಮಾತ್ರ ಅವೂ ಹಸಿರು. ಹಾಗಾದರೆ ಪ್ರತಿ ಕಾಯುವಿಕೆಯ ಆಚೆಗೆ ಬೇರೆಯೇ ಒಂದು ಎಣಿಕೆ — ತಂಡದ ಮುಖ್ಯಸ್ಥರು ಬೆಳಿಗ್ಗೆ ಮುಖ ಸಿಂಡರಿಸಿದ್ದರು, ಅಷ್ಟೊಂದು ಎಣಿಕೆ ಹಾಕಿದ್ರೆ ಪರೀಕ್ಷೆ ನಿಧಾನ ಆಗಲ್ವಾ, ಯಾರೂ ಕೇಳಿಲ್ಲ, ಬಿಡಿ — ಬಿಡುವುದಿಲ್ಲ, ನಿಧಾನವಾದರೆ ಆಗಲಿ, ಸುಳ್ಳಿಗೆ ಅಷ್ಟು ಅವಸರವೇನು. ಬೆರಳುಗಳು ನೋಯುತ್ತಿವೆ, ಮೊದಲ ಸಲ ಕಂಪೈಲರ್ ಕುಸಿದುಬಿತ್ತು, ಎರಡನೆಯ ಸಲ ಎಣಿಕೆ ಕಾಯುವಿಕೆಯ ಈಚೆಗೇ ಕೂತುಬಿಟ್ಟಿತು, ಪೆದ್ದಿ, ಆಚೆಗೆ, ಆಚೆಗೆ, ಕಾದು ಎದ್ದು ಬಂದ ಮೇಲೆ. ಪಂಪಿನ ಕೋಡು ಹೇಗೂ ಎಲ್ಲರಿಗೂ ತೆರೆದಿಟ್ಟದ್ದು, ಅದೇ ಪರೀಕ್ಷೆ, ಅದೇ ಕಡಿದ ನೆಟ್‌ವರ್ಕ್, ಓಡಿಸುತ್ತಾಳೆ, ಪಕ್ಕದವನು ಇಣುಕುತ್ತಾನೆ, ಅಯ್ಯೋ, ಕೆಂಪಾಯ್ತಲ್ರೀ, ಏನೋ ಕೆಡಿಸಿಬಿಟ್ರಿ — ಇಲ್ಲ, ಕೆಡಿಸಲಿಲ್ಲ, ಕಣ್ಣು ತುಂಬಿ ಬರುತ್ತಿದೆ, ಅಕ್ಕನಿಗೆ ಕೇಳಿಸಲಿಲ್ಲ, ಕೇಳಿಸಲು ಏನೂ ಇರಲೇ ಇಲ್ಲ, ಗಂಟೆ ಬಾರಿಸು ಎಂಬ ಆ ಸಾಲು, ಅದರ ಪಕ್ಕದಲ್ಲಿ ಸೊನ್ನೆ, ಕೆಂಪು ಸೊನ್ನೆ