ಮುಂಬಾಗಿಲಿನ ಏಳು ಮೆಟ್ಟಿಲು

ರಜೆಗೆಂದು ಅಮೆರಿಕದ ಜಾರ್ಜಿಯಾ ರಾಜ್ಯದ ಕರಾವಳಿಗೆ ಬಂದ ಮೂರನೆಯ ದಿನ ಒಜೆಲ್ಲಾ ಹಟ ಹಿಡಿದಳು, ಮಧ್ಯಾಹ್ನದ ಊಟ ಹಾರ್ಗ್ರೋವ್ ಮನೆಯಲ್ಲೇ ಆಗಬೇಕು ಎಂದು.

ತೊಂಬತ್ತೊಂದು ವರ್ಷದ ಮುದುಕಿ. ಕ್ಲೀವ್‌ಲ್ಯಾಂಡಿನಿಂದ ಹೊರಡುವಾಗ ಸಮುದ್ರ ನೋಡಬೇಕು ಅಂದಿದ್ದಳು, ಅಷ್ಟೆ. ಬಂದ ಮೇಲೆ ಸಮುದ್ರದ ಕಡೆ ಮುಖ ಕೂಡ ತಿರುಗಿಸಿರಲಿಲ್ಲ. ಮಗಳು ವರ್ಡೆಲ್‌ಗೂ ಅರವತ್ತೆಂಟು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಬಿಸಿಲಲ್ಲಿ ಅಮ್ಮನ ಗಾಲಿಕುರ್ಚಿ ತಳ್ಳಿ ಅವಳ ರಟ್ಟೆ ಸೋತಿತ್ತು.

ಹಾರ್ಗ್ರೋವ್ ಮನೆಯಲ್ಲಿ ಹಿಂದೆ ಪರ ಊರಿನವರು ಬಾಡಿಗೆಗೆ ಉಳಿಯುತ್ತಿದ್ದರು. ಈಗ ಬರೀ ಊಟ. ಉದ್ದನೆಯ ಮೇಜಿಗೆ ಗುರುತಿಲ್ಲದ ಹತ್ತು ಜನ ಒಟ್ಟಿಗೆ ಕೂತು, ಬೋಗುಣಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಬಡಿಸಿಕೊಳ್ಳುತ್ತಾರೆ. ಒಜೆಲ್ಲಾ ಅಲ್ಲಿ ಹದಿನೇಳು ವರ್ಷ ಅಡುಗೆ ಮಾಡಿದ್ದಳು. ಆ ಮೇಜಿಗೆ ಒಂದು ದಿನವೂ ಕೂತಿರಲಿಲ್ಲ. ಆಗ ಅದು ಅವಳಂಥ ಕರಿಯರು ಕೂರುವ ಮೇಜಾಗಿರಲಿಲ್ಲ.

ಬಾಗಿಲ ಬಳಿ ಹೆಸರು ಬರೆದುಕೊಳ್ಳುತ್ತಿದ್ದ ಲೀಆನ್ ಎಂಬ ಬಿಳಿಯ ಹುಡುಗಿ ಓಡಿ ಬಂದಳು.

"ಗಾಲಿಕುರ್ಚಿ ಇದ್ಯಾ ಮೇಡಂ? ಇಲ್ಲಿ ಮೆಟ್ಟಿಲಿವೆ. ಹಿಂದುಗಡೆ ಅಡುಗೆಮನೆ ಬಾಗಿಲ ಹತ್ರ ಇಳಿಜಾರು ಮಾಡಿಸಿದೀವಿ. ಆ ಕಡೆಯಿಂದ ಕರ್ಕೊಂಡು ಬಂದ್ಬಿಡಿ."

ವರ್ಡೆಲ್ ಕುರ್ಚಿ ತಿರುಗಿಸಿದಳು. ಒಜೆಲ್ಲಾ ಬ್ರೇಕ್ ಎಳೆದಳು.

"ಎಲ್ಲಿಗೆ?"

"ಹಿಂದಿನಿಂದ ಹೋಗೋಣಮ್ಮ."

"ಹಿಂದಿನ ಬಾಗಿಲು ನಂಗೆ ತೋರಿಸ್ಬೇಕಾ? ಹದಿನೇಳು ವರ್ಷ ಅದ್ರಲ್ಲೇ ಓಡಾಡಿ ಸವೆದಿದೀನಿ. ಇವತ್ತು ಹೋಗಲ್ಲ."

"ಅವಳು ಅವಮಾನ ಮಾಡೋಕೆ ಹೇಳಿದ್ದಲ್ಲಮ್ಮ. ಗಾಲಿಗೋಸ್ಕರ."

"ಗೊತ್ತು ಕಣೇ. ಹುಡುಗಿ ಒಳ್ಳೆಯವಳೇ. ಆದ್ರೂ ಹೋಗಲ್ಲ."

ಸರದಿಯಲ್ಲಿ ನಿಂತಿದ್ದ ಬೋಳುತಲೆಯ ಗಂಡಸೊಬ್ಬ ಪಕ್ಕದವನನ್ನು ಕರೆದುಕೊಂಡು ಮುಂದೆ ಬಂದ. "ಬನ್ನಿ ಅಜ್ಜಿ, ನಾವಿಬ್ರು ಎತ್ಕೊಂಡು ಹೋಗ್ತೀವಿ."

"ನಾನೇನು ಸೋಫಾನಾ?"

ಸರದಿ ಪೂರ್ತಿ ನಕ್ಕಿತು. ಒಜೆಲ್ಲಾ ನಗಲಿಲ್ಲ. ಮಗಳ ಭುಜ ಹಿಡಿದು ಎದ್ದಳು, ಮೆಟ್ಟಿಲಿಗೆ ಬೆನ್ನು ಮಾಡಿದಳು, ಚರ್ಚಿಗೆ ಹೋಗುವಾಗ ತೊಡುವ ಹಳದಿ ಉಡುಪಿನಲ್ಲೇ ಮೊದಲ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಎರಡೂ ಅಂಗೈ ಊರಿ ಮೈಯನ್ನು ಎರಡನೆಯದಕ್ಕೆ ಏರಿಸಿದಳು. ಆಮೇಲೆ ಮೂರನೆಯದಕ್ಕೆ. ಎರಡು ವರ್ಷದ ಹಿಂದೆ ಸೊಂಟದ ಮೂಳೆ ಮುರಿದು ಕಂಬಿ ಹಾಕಿಸಿಕೊಂಡ ಹೆಂಗಸು! ವರ್ಡೆಲ್ ಬಗ್ಗಿ ಅವಳ ತೋಳು ಹಿಡಿದಳು.

"ಸಾಕಮ್ಮ. ಎಲ್ರೂ ನೋಡ್ತಿದಾರೆ."

"ನೋಡ್ಲಿ. ಆಗ ಯಾರೂ ನೋಡ್ತಿರ್ಲಿಲ್ಲ."

ಮುದುಕಿಯ ಉಸಿರು ಏರಿತ್ತು, ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ವರ್ಡೆಲ್‌ಗೆ ತಾನು ಆರು ವರ್ಷದವಳಿದ್ದಾಗ ಈ ಮನೆಯ ಹಿಂದಿನ ಹೊಸ್ತಿಲಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದ ಬೇಸಿಗೆಗಳು ನೆನಪಾದವು. ಒಳಗಿಂದ ಕೋಳಿ ಕರಿಯುವ ವಾಸನೆ ಬರುತ್ತಿತ್ತು. ಸದ್ದು ಮಾಡಿದರೆ ಅಮ್ಮನ ಕೆಲಸ ಹೋಗುತ್ತಿತ್ತು.

ಅವಳು ಕೈಚೀಲವನ್ನು ಗಾಲಿಕುರ್ಚಿಗೆ ಎಸೆದಳು. ಬಿಳಿ ಪ್ಯಾಂಟು ಕೊಳೆಯಾದರೆ ಆಗಲಿ ಎಂದು ತಾಯಿಯ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.

"ನೀನ್ಯಾಕೆ?" ಎಂದಳು ಒಜೆಲ್ಲಾ.

"ಸುಮ್ನೆ ಹತ್ತಮ್ಮ."

ಇಬ್ಬರೂ ಒಟ್ಟಿಗೆ ಮೈ ಎತ್ತುತ್ತ ಏಳನೆಯ ಮೆಟ್ಟಿಲು ಮುಟ್ಟಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದ್ದರೆ ಒಜೆಲ್ಲಾ ಬೈದುಬಿಡುತ್ತಿದ್ದಳು.

ವರ್ಡೆಲ್ ತೋಳು ಕೊಟ್ಟು ಅಮ್ಮನನ್ನು ಒಳಗೆ ನಡೆಸಿ ಉದ್ದನೆಯ ಮೇಜಿಗೆ ಕೂರಿಸಿದಳು. ಮೇಜಿನ ಮೇಲೆ ಕರಿದ ಕೋಳಿ, ಅಲಸಂದೆ, ಬೆಂಡೆಕಾಯಿ, ಕಾಲರ್ಡ್ ಸೊಪ್ಪು. ಒಜೆಲ್ಲಾ ಒಂದೊಂದನ್ನೂ ನಾಲಿಗೆಯ ಮೇಲೆ ಇಟ್ಟುಕೊಂಡು ಪರೀಕ್ಷೆ ಮಾಡಿದಳು. "ಸೊಪ್ಪು ಯಾರು ಮಾಡಿದ್ದು? ಕರೀರಿ."

ಐವತ್ತರ ಆಸುಪಾಸಿನ ಕರಿಯ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದಳು. ಹೆಸರು ಶರೀಸ್. ದೂರು ಬಂತೆಂದು ಮುಖ ಬಾಡಿತ್ತು.

"ಸೊಪ್ಪಿಗೆ ವಿನಿಗರ್ ಕಮ್ಮಿ ಆಗಿದೆ. ಮಿಕ್ಕಿದ್ದೆಲ್ಲ ಚೆನ್ನಾಗಿದೆ. ನಿನ್ನ ಊಟ ಆಯ್ತಾ?"

"ಆಮೇಲೆ ಮಾಡ್ತೀನಿ ಅಜ್ಜಿ, ಒಳಗೆ."

"ನಿಂತ್ಕೊಂಡು?"

ಶರೀಸ್ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಒಜೆಲ್ಲಾ ತನ್ನ ಪಕ್ಕದ ಖಾಲಿ ಕುರ್ಚಿಯನ್ನು ಎಳೆದಳು. "ಕೂತ್ಕೋ."

ಲೀಆನ್ ಬಾಗಿಲಿನಿಂದ ಮೆಲ್ಲಗೆ ಹೇಳಿದಳು, "ಅಡುಗೆಯವ್ರು ಗಿರಾಕಿಗಳ ಮೇಜಿಗೆ ಕೂರೋ ಪದ್ಧತಿ ಇಲ್ಲ ಮೇಡಂ."

"ಗೊತ್ತಮ್ಮ. ಆ ಪದ್ಧತಿ ನನ್ನ ಕಾಲದ್ದು."

ಶರೀಸ್ ಲೀಆನ್‌ಳನ್ನು ನೋಡಿದಳು, ಕುರ್ಚಿಯನ್ನು ನೋಡಿದಳು. ಏಪ್ರನ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ ಕೂತಳು. ಮೇಜಿನ ಸುತ್ತ ಕೂತವರೆಲ್ಲ ಅವಳತ್ತ ತಿರುಗಿದರು. ಕೊನೆಗೆ ಬೋಳುತಲೆಯವನು ಕೋಳಿಯ ಬೋಗುಣಿ ಎತ್ತಿ ಪಕ್ಕದವರ ಕೈಗೆ ಕೊಟ್ಟ. ಅದು ಕೈ ದಾಟಿ ದಾಟಿ ಶರೀಸಳ ಮುಂದೆ ಬಂತು.

"ಹತ್ತು ನಿಮಿಷ," ಎಂದಳು ಲೀಆನ್, ಯಾರ ಮುಖವನ್ನೂ ನೋಡದೆ.

"ಇಪ್ಪತ್ತು," ಎಂದಳು ಒಜೆಲ್ಲಾ. "ಕೋಳಿ ಬಿಸಿ ಇದೆ. ನಿಧಾನಕ್ಕೆ ತಿನ್ಲಿ."